ಕಾಡಿಗೆ ಮೀಸೆಯ ರಾಜ

ನಮ್ಮ ಮನೆಯ ರಾಜ ಒಂದು ಗೇಣು ಎತ್ತರ. ರಾಣಿಯೂ ಅಷ್ಟೇ. ಇಬ್ಬರೂ ಮರದವರು. ನನ್ನ ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಪಟ್ಟದ ಗೊಂಬೆಗಳು. ಮೈಸೂರು ಕಡೆ ದಸರಾಕ್ಕೆ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲು ಇವರದು. ಶೆಟ್ಟರ ಅಂಗಡಿ, ಬ್ಯಾಂಡ್ ಸೆಟ್ಟು, ಪೊಲೀಸು, ತರಕಾರಿಯವಳು ಎಲ್ಲರೂ ಕೆಳಗೆ. ರಾಜ ರಾಣಿ ಇಬ್ಬರಿಗೂ ಮುಖ ಒಂದೇ ಅಚ್ಚು. ಕೆತ್ತಿದವನು ರಾಣಿಗೆ ಬೆನ್ನ ಮೇಲೆ ಒಂದು ಜಡೆ ಇಳಿಬಿಟ್ಟಿದ್ದಾನೆ, ರಾಜನಿಗೆ ಬೋಳು ಬೆನ್ನು. ಹೆಚ್ಚಿನ ವ್ಯತ್ಯಾಸ ಏನೂ ಇಲ್ಲ. ಮಿಕ್ಕಿದ್ದೆಲ್ಲಾ ನಮ್ಮ ಕೈಕೆಲಸ. ಪ್ರತಿ ವರ್ಷ ಹೊಸ ಬಟ್ಟೆ ಹೊಲಿದು ಉಡಿಸಬೇಕು, ಜರಿ ಪೇಟ ಸುತ್ತಬೇಕು, ಕಾಡಿಗೆಯಲ್ಲಿ ಕಣ್ಣು ತೀಡಬೇಕು, ರಾಜನಿಗೆ ಮೀಸೆ ಬರೆಯಬೇಕು. ಬಟ್ಟೆ ಉಡಿಸದೆ ಪಟ್ಟದ ಗೊಂಬೆ ಕೂರಿಸುವ ಹಾಗಿಲ್ಲ. ನಾವು ಉಡಿಸಿದರೆ ರಾಜ, ಇಲ್ಲದಿದ್ದರೆ ಒಂದು ತುಂಡು ಮರ.

ಎರಡು ಸಾವಿರದ ಇಪ್ಪತ್ತರ ಶುರುವಿನಲ್ಲಿ ನಾನು ಮಗಳ ಮನೆಗೆ ಬಂದಾಗ ಗೊಂಬೆಗಳು ಅಲ್ಲೇ ಇರಲಿ ಅಂತ ಮಿಕ್ಕವರನ್ನೆಲ್ಲಾ ಸೂಟ್‌ಕೇಸಿಗೆ ತುಂಬಿ, ಇವರಿಬ್ಬರನ್ನೂ ಕೈಚೀಲದಲ್ಲಿ ಹಾಕಿಕೊಂಡೇ ಬಂದೆ. ಆಗ ಅವಳ ಮನೆ ಹರ್ನ್‌ಡನ್ ಅನ್ನುವ ಊರಿನಲ್ಲಿ ಇತ್ತು, ಏರ್‌ಪೋರ್ಟಿನ ಮಗ್ಗುಲಲ್ಲೇ. ಅಲ್ಲಿ ಒಬ್ಬ ಆಫೀಸರು ಚೀಲ ಬಿಚ್ಚಿಸಿ ಇದೇನು ಅಂತ ಕೈಸನ್ನೆಯಲ್ಲೇ ಕೇಳಿದ. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ, "ಕಿಂಗು. ಕ್ವೀನು." ಅವನು ಇಬ್ಬರನ್ನೂ ತಿರುಗಿಸಿ ಮುರುಗಿಸಿ ನೋಡಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಬಿಟ್ಟ. ನನ್ನ ಪಾಸ್‌ಪೋರ್ಟನ್ನು ನಾಲ್ಕು ಸಲ ತಿರುವಿ ನೋಡಿದವರು ಅವರನ್ನು ಒಂದು ಕಾಗದ ಕೇಳಲಿಲ್ಲ.

ಆರು ತಿಂಗಳಿಗೆ ಅಂತ ಬಂದವಳು, ಕೊರೊನಾ ಬಂದು ವಿಮಾನ ನಿಂತು, ಇಲ್ಲೇ ಉಳಿದೆ. ಮೊಮ್ಮಗಳಿಗೆ ಆಗ ಹನ್ನೊಂದು. ಸ್ಕೂಲು ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು, ಮಿಕ್ಕ ಹೊತ್ತೆಲ್ಲಾ ನನ್ನ ತಲೆ ತಿನ್ನುತ್ತಿದ್ದಳು. ಸುಮ್ಮನಿರಲಿ ಅಂತ ಹೊಲಿಗೆ ಮೆಷಿನ್ನಿನ ಮುಂದೆ ಕೂರಿಸಿದೆ. ನನ್ನ ಹಳೆ ಸೀರೆಯಲ್ಲಿ ಇಬ್ಬರೂ ಸೇರಿ ಆ ಅಪಾರ್ಟ್‌ಮೆಂಟಿಗೆಲ್ಲಾ ಮಾಸ್ಕ್ ಹೊಲಿದೆವು. ಕಾಟನ್ ಸೀರೆಯ ಅಂಚು ಮೂಗಿನ ಮೇಲೆ ಬರುವ ಹಾಗೆ ಅವಳೇ ಕತ್ತರಿಸುತ್ತಿದ್ದಳು. ಕೈ ಚೆನ್ನಾಗಿತ್ತು. ಬಾಯಿ ಇನ್ನೂ ಚೆನ್ನಾಗಿತ್ತು.

ಆಮೇಲೆ ಅಳಿಯನ ಕೆಲಸ ಬದಲಾಗಿ ಜಾರ್ಜಿಯಾದ ಲಾರೆನ್ಸ್‌ವಿಲ್ಲಿಗೆ ಬಂದೆವು. ಎರಡು ದಸರಾ ಯಾರೂ ಬರದೆ ಹೋದವು. ನಾನೇ ಗೊಂಬೆ ಕೂರಿಸಿ, ನಾನೇ ಆರತಿ ಎತ್ತಿ, ಉಸಲಿಯನ್ನೂ ಮುಕ್ಕಾಲುಪಾಲು ನಾನೇ ತಿಂದೆ. ಮೂರನೆಯ ವರ್ಷ ಮಗಳು ಹೇಳಿದಳು, "ಅಮ್ಮಾ, ಈ ಸಲ ಎಲ್ಲರನ್ನೂ ಕರೀತೀನಿ." ನನಗೆ ಖುಷಿಯಾಯಿತು. ಆದರೆ ಅಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಸಿಕ್ಕಿದ್ದು ದಸರಾ ಆದ ಮೇಲೆ. ಒಂದು ಸೂಜಿ ಎರಡಾಗಿ ಕಾಣುತ್ತಿತ್ತು, ಯಾವುದಕ್ಕೆ ದಾರ ಪೋಣಿಸಿದರೂ ತಪ್ಪೇ. ನನ್ನ ಮಗಳಿಗೆ ಅಂಗಿಗೆ ಗುಂಡಿ ಹಾಕಲೂ ಬರುವುದಿಲ್ಲ. ಉಳಿದದ್ದು ಮೊಮ್ಮಗಳು. ಅವಳು ಉಡಿಸಿದರೆ ರಾಜ ರಾಣಿ ಉಂಟು. ಇಲ್ಲದಿದ್ದರೆ ಅಟ್ಲಾಂಟಾದ ಕಡೆ ಒಂದು ದೇವಸ್ಥಾನದಲ್ಲಿ ದೊಡ್ಡದಾಗಿ ಗೊಂಬೆ ಇಡುತ್ತಾರೆ, ಅಲ್ಲಿಗೆ ಕೊಟ್ಟುಬಿಡುವುದು ಅಂತ ತೀರ್ಮಾನ ಮಾಡಿದ್ದೆ. ನೋಡಿಕೊಳ್ಳುವವರಿಲ್ಲದ ವಸ್ತುವನ್ನು ಗ್ಯಾರೇಜಿನಲ್ಲಿ ಕೊಳೆಸುವುದು ನನಗೆ ಹಿಡಿಸುವುದಿಲ್ಲ.

ಅದೇ ಸಮಯಕ್ಕೆ ಇಂಗ್ಲೆಂಡಿನ ರಾಣಿ ತೀರಿಕೊಂಡರು. ಟಿವಿಯಲ್ಲಿ ಬೆಳಗಿನಿಂದ ಅದೇ. ಕುದುರೆ, ಬ್ಯಾಂಡು, ಟೋಪಿ. ನಾನು ಕಾಫಿ ಲೋಟ ಹಿಡಿದು ಕೂತೆ. ಪಕ್ಕದ ಮನೆಯಾಕೆಯೂ ಬಂದು ಕೂತರು. ನನ್ನ ವಯಸ್ಸಿನವರು, ಜಾರ್ಜಿಯಾದಲ್ಲೇ ಹುಟ್ಟಿ ಬೆಳೆದವರು, ಭಾನುವಾರ ಚರ್ಚಿಗೆ ದೊಡ್ಡ ದೊಡ್ಡ ಟೋಪಿ ಹಾಕಿಕೊಂಡು ಹೋಗುವವರು. ಅವರ ಮಾತು ನನಗೆ ಅರ್ಧ ಅರ್ಥ, ನನ್ನದು ಅವರಿಗೆ ಅಷ್ಟೂ ಇಲ್ಲ. ಮೊಮ್ಮಗಳು ನಡುವೆ ಕೂತು ಹೇಳುತ್ತಾಳೆ.

"ರಾಣಿ ಸತ್ತಿದ್ದಕ್ಕೆ ಬೇಜಾರಾ ಅಂತ ಕೇಳು," ಅಂದೆ.

ಕೇಳಿದಳು. ಆಕೆ ತಲೆ ಆಡಿಸಿ ಏನೋ ಹೇಳಿ ನಕ್ಕರು.

"ಅಜ್ಜಿ, ಅವರು ಹ್ಯಾಟ್ಸ್ ನೋಡಕ್ಕೆ ಬಂದಿದ್ದಾರಂತೆ. ಅವರ ಚರ್ಚ್‌ನಲ್ಲಿ ಇನ್ನೂ ಚೆನ್ನಾಗಿರೋ ಹ್ಯಾಟ್ಸ್ ಇದೆಯಂತೆ. ಕ್ವೀನ್ ನೈಸ್ ಲೇಡಿ, ಬಟ್ ಅವರ ಮೇಲೆ ಒಬ್ಬರು ಕ್ವೀನ್ ಬೇಡವಂತೆ."

ಮೊಮ್ಮಗಳ ಸ್ಕೂಲಿನಲ್ಲೂ ಅದೇ ಮಾತು ನಡೆದಿತ್ತು. ಇಂಗ್ಲೆಂಡಿನವರು ಇನ್ನು ಮೇಲೆ ರಾಜನನ್ನು ಇಟ್ಟುಕೊಳ್ಳಬೇಕಾ, ತೆಗೆದು ಹಾಕಬೇಕಾ ಅಂತ ಟೀಚರು ಕೇಳಿದ್ದರಂತೆ. ಇವಳು ಎದ್ದು ನಿಂತು ತೆಗೀಬೇಕು ಅಂದು ಬಂದಿದ್ದಾಳೆ. ಆ ಬಿಸಿಯಲ್ಲೇ ಮನೆಗೆ ಬಂದರೆ, ನಾನು ಗ್ಯಾರೇಜಿನಿಂದ ಪೆಟ್ಟಿಗೆ ತಂದು ರಾಜನಿಗೆ ಸುತ್ತಿದ್ದ ಹಳೆ ಪಂಚೆ ಬಿಚ್ಚುತ್ತಾ ಕೂತಿದ್ದೆ.

"ಬಾ, ಇವನಿಗೊಂದು ಕೋಟು ಹೊಲಿ," ಅಂದೆ.

"ನಾನು ಹೊಲಿಯಲ್ಲ. ಐ ಡೋಂಟ್ ಬಿಲೀವ್ ಇನ್ ಕಿಂಗ್ಸ್."

"ನೀನು ನಂಬಬೇಡ, ಹೊಲಿ."

"ಅಜ್ಜಿ, ರಾಜ ಏನು ವರ್ಕ್ ಮಾಡ್ತಾನೆ?"

"ನಿಂತ್ಕೋತಾನೆ."

"ಅಷ್ಟೇನಾ?"

"ಹತ್ತು ದಿನ ಬೀಳದೆ ನಿಂತ್ಕೊಂಡು ನೋಡು, ಗೊತ್ತಾಗತ್ತೆ."

"ಶೆಟ್ಟಿ ವರ್ಕ್ ಮಾಡ್ತಾನೆ. ತರಕಾರಿ ಆಂಟಿ ವರ್ಕ್ ಮಾಡ್ತಾಳೆ. ಅವರು ಬಾಟಮ್‌ನಲ್ಲಿ. ಏನೂ ಮಾಡದೆ ಇರೋನು ಟಾಪ್‌ನಲ್ಲಿ. ದಟ್ಸ್ ನಾಟ್ ಫೇರ್."

"ಶೆಟ್ಟೀನ ಮೇಲೆ ಕೂರಿಸಿದ್ರೆ ಅಂಗಡಿ ನಿಮ್ಮಪ್ಪ ನೋಡ್ಕೋತಾನಾ?"

ಅಳಿಯ ಅಲ್ಲೇ ಮೆಟ್ಟಿಲಿಗೆ ಹಲಗೆ ಜೋಡಿಸುತ್ತಿದ್ದರು. ಅವರು ಉಡುಪಿ ಕಡೆಯವರು, ಅವರ ಮನೆಯಲ್ಲಿ ಗೊಂಬೆ ಇಡುವ ಪದ್ಧತಿ ಇಲ್ಲ. "ನನ್ನನ್ನು ಎಂತಕ್ಕೆ ಎಳೀತೀರಿ ಅತ್ತೆ," ಅಂದರು. "ನಮ್ಮಲ್ಲಿ ರಾಜ ಇರುವುದು ಯಕ್ಷಗಾನದಲ್ಲಿ ಮಾತ್ರ. ರಾತ್ರಿ ಇಡೀ ಕಿರೀಟ ಇಟ್ಟು ಕುಣಿಯುವುದು, ಬೆಳಿಗ್ಗೆ ಬಣ್ಣ ತೊಳೆದು ಹೋಟೆಲಿಗೆ ಹೋಗಿ ಬನ್ಸ್ ತಿನ್ನುವುದು. ಅಂಥ ರಾಜ ಆದರೆ ನನ್ನ ತಕರಾರಿಲ್ಲ."

ನನಗೂ ರಾಜರ ಮೇಲೆ ಅಂಥಾ ಮೋಹ ಏನಿಲ್ಲ. ಚಿಕ್ಕವಳಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಜಂಬೂಸವಾರಿ ತೋರಿಸಿದ್ದರು. ಆನೆ ಮೇಲೆ ಅಂಬಾರಿ, ಅಂಬಾರಿಯೊಳಗೆ ಮಹಾರಾಜರು. ಸುತ್ತ ಇದ್ದವರೆಲ್ಲಾ ಕಣ್ಣಲ್ಲಿ ನೀರು ಹಾಕುತ್ತಿದ್ದರು. ನನಗೆ ನೆನಪಿರುವುದು ಒಂದೇ: ಉಚ್ಚೆಗೆ ಅವಸರವಾಗಿತ್ತು, ಜನದ ನಡುವಿನಿಂದ ಆಚೆ ಹೋಗಲು ದಾರಿ ಇರಲಿಲ್ಲ. ಮಹಾರಾಜರು ಬೇಗ ಹೋಗಲಪ್ಪಾ ಅಂತ ದೇವರನ್ನು ಬೇಡಿಕೊಂಡೆ. ಮದುವೆಯಾದ ಮೇಲೆ ನೋಡಿದರೆ ನಮ್ಮತ್ತೆಗೆ ಮಹಾರಾಜರು ಅಂದರೆ ದೇವರು. ನಲ್ಲಿ ತಿರುಗಿಸಿದಾಗೆಲ್ಲಾ "ಮಹಾರಾಜರು ಕೊಟ್ಟ ನೀರು" ಅನ್ನುವರು. ದೆಹಲಿಯ ಸರ್ಕಾರ ರಾಜರಿಗೆಲ್ಲಾ ಕೊಡುತ್ತಿದ್ದ ಹಣ ನಿಲ್ಲಿಸಿದ ಸುದ್ದಿ ರೇಡಿಯೋದಲ್ಲಿ ಬಂದ ದಿನ ಊಟ ಬಿಟ್ಟು ಮಲಗಿದರು. ಸಾಯಂಕಾಲ ಎದ್ದು ಉಪ್ಪಿಟ್ಟು ತಿಂದರು. ನಲ್ಲಿಯಲ್ಲಿ ಮಾರನೆಯ ದಿನವೂ ನೀರು ಬಂತು. ಆಮೇಲೆ ಅಂಬಾರಿಯಲ್ಲಿ ರಾಜರ ಬದಲು ಚಾಮುಂಡಿ ತಾಯಿಯನ್ನು ಕೂರಿಸಿ ಕಳಿಸತೊಡಗಿದರು. ಜನ ಆಗಲೂ ಅಷ್ಟೇ ಇದ್ದರು. ನಮ್ಮತ್ತೆಯಂತೂ ಮೊದಲಿಗಿಂತ ಮುಂಚೆ ಹೋಗಿ ಜಾಗ ಹಿಡಿದರು.

ಹಾಗಾಗಿ ಮೊಮ್ಮಗಳಿಗೆ ರಾಜ ದೊಡ್ಡವನು ಅಂತ ನಾನು ಹೇಳಲಿಲ್ಲ. ನನಗೆ ತೋಚಿದ್ದು ಹೇಳಿದೆ. "ನೋಡು, ಮೇಲೆ ಅಂತ ಒಂದು ಜಾಗ ಇದ್ರೆ ಎಲ್ಲರ ಕಣ್ಣೂ ಅದರ ಮೇಲೆ. ಶೆಟ್ಟೀನ ಕೂರಿಸಿದ್ರೆ ಪೊಲೀಸಿಗೆ ಹೊಟ್ಟೆ ಉರಿ, ಪೊಲೀಸನ್ನ ಕೂರಿಸಿದ್ರೆ ಎಲ್ಲರಿಗೂ ಹೆದರಿಕೆ. ಮಾತಾಡದೇ ಇರೋ ಮರದ ಗೊಂಬೆ ಒಂದನ್ನ ಅಲ್ಲಿ ನಿಲ್ಲಿಸಿಬಿಟ್ರೆ ಮಿಕ್ಕಿದೋರು ಅವರವರ ಕೆಲಸ ಮಾಡ್ಕೋತಾರೆ."

"ಬಟ್ ಆ ಗೊಂಬೇನ ಯಾರು ಪಿಕ್ ಮಾಡಿದ್ದು? ನಿನ್ನ ಅಪ್ಪ! ನನ್ನನ್ನ ಯಾರೂ ಕೇಳಲಿಲ್ಲ."

"ನೀನು ಹುಟ್ಟೇ ಇರಲಿಲ್ಲ."

"ಎಕ್ಸಾಕ್ಟ್ಲಿ! ಹುಟ್ಟಿದ್ದಕ್ಕೇ ಕಿಂಗ್ ಆಗೋದಾ? ಆ ಬೇಬಿ ದಡ್ಡ ಆದ್ರೆ?"

"ಓಟು ಹಾಕಿ ಆರಿಸಿದೋರಲ್ಲಿ ದಡ್ಡರಿಲ್ವಾ?"

"ಇದ್ದಾರೆ. ಬಟ್ ಅವರನ್ನ ಇಳಿಸಬಹುದು ಅಜ್ಜಿ. ಕಿಂಗ್‌ನ ಇಳಿಸಕ್ಕಾಗಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲದ್ದನ್ನು ಇದೆ ಅಂತ ತೋರಿಸಿಕೊಳ್ಳುವವಳೂ ಅಲ್ಲ ನಾನು. "ಸರಿ ಬಿಡು," ಅಂದೆ. "ನೀನು ಉಡಿಸದಿದ್ರೆ ದೇವಸ್ಥಾನಕ್ಕೆ ಕೊಟ್ಬಿಡ್ತೀನಿ. ನನ್ನ ಕೈಲಿ ಆಗಲ್ಲ."

"ರಿಯಲಿ?"

"ನಾನೇನು ಹೆದರಿಸೋಕೆ ಹೇಳ್ತಿಲ್ಲ. ನಿಮ್ಮಮ್ಮನ್ನ ಕೇಳು, ಕಾರಲ್ಲಿ ಬಿಟ್ಟು ಬರ್ತೀನಿ ಅಂದಿದಾಳೆ."

ಅವಳು ರಾಜನನ್ನು ಎತ್ತಿಕೊಂಡು ಬೋಳು ಬೆನ್ನು ನೋಡಿದಳು. ರಾಣಿಯನ್ನು ಎತ್ತಿಕೊಂಡು ಜಡೆ ನೋಡಿದಳು. ಇಬ್ಬರನ್ನೂ ಟೀಪಾಯಿ ಮೇಲೆ ನಿಲ್ಲಿಸಿ ಒಂದರ ಮುಖ ಇನ್ನೊಂದಕ್ಕೆ ಹೋಲಿಸಿ ನೋಡಿದಳು. ಅವಳು ಅಷ್ಟು ಗಮನವಿಟ್ಟು ನೋಡಿದರೆ ಏನೋ ಕಾದಿದೆ ಅಂತ ಅರ್ಥ. ಆವತ್ತು ನನಗೆ ಅದು ಹೊಳೆಯಲಿಲ್ಲ.

"ಓಕೆ. ಹೊಲೀತೀನಿ. ಬಟ್ ಮೈ ವೇ. ಗೊಂಬೆ ಕೂರಿಸೋ ದಿನದ ತನಕ ನೀನು ನೋಡಬಾರದು."

"ಪೊರೆ ಬಂದಿರೋಳು ಏನು ನೋಡ್ತೀನಿ? ಹೊಲಿ."

ಗೆದ್ದೆ ಅಂದುಕೊಂಡೆ. ಕಪಾಟಿನಿಂದ ಹಳೆ ರೇಷ್ಮೆ ರವಿಕೆ, ಜರಿ ಅಂಚು ಎಲ್ಲಾ ತೆಗೆದು ಕೊಟ್ಟೆ. ನಾಲ್ಕು ದಿನ ಅವಳ ರೂಮಿನಿಂದ ಮೆಷಿನ್ನಿನ ಸದ್ದು. ನಡುವೆ ಒಂದು ಸಲ ಮಗಳು, "ನನ್ನ ಐಲೈನರ್ ಎಲ್ಲಿ ಹೋಯ್ತು?" ಅಂತ ಮನೆಯೆಲ್ಲಾ ಹುಡುಕಿದಳು. ಮೀಸೆಗೆ ಅಂತ ನನಗೆ ಗೊತ್ತು, ಹೇಳಲಿಲ್ಲ.

ಪಾಡ್ಯದ ದಿನ ಇಬ್ಬರನ್ನೂ ತಂದು ಮೇಲಿನ ಮೆಟ್ಟಿಲ ಮೇಲೆ ಅವಳೇ ನಿಲ್ಲಿಸಿದಳು. ನನಗೆ ಮಬ್ಬು ಮಬ್ಬಾಗಿ ಕಂಡದ್ದು ಇಷ್ಟು: ಒಂದು ಕಡೆ ಹಸಿರು ಕೋಟು, ಜರಿ ಪೇಟ, ಗಿರಿಜಾ ಮೀಸೆ. ಇನ್ನೊಂದು ಕಡೆ ನೇರಳೆ ಸೀರೆ, ಮೂಗಿಗೆ ಮಿಣುಗುವ ನತ್ತು, ಮುಡಿ ತುಂಬ ಬಟ್ಟೆಯ ಮಲ್ಲಿಗೆ. ನಾನು ಜನ್ಮದಲ್ಲಿ ಅಷ್ಟು ಚೆನ್ನಾಗಿ ಉಡಿಸಿರಲಿಲ್ಲ. ಆರತಿ ಎತ್ತಿ, "ಭೇಷ್," ಅಂದೆ. ಅವಳು ಮುಖ ಆಚೆ ತಿರುಗಿಸಿಕೊಂಡಳು. ಪಾಪ, ನಾಚಿಕೊಂಡಳು ಅಂದುಕೊಂಡೆ.

ಆಮೇಲೆ ದಿನಾ ಜನ. ಹೆಂಗಸರು ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಬರುವರು, ಬಾಗಿಲಲ್ಲಿ ಚಪ್ಪಲಿ ರಾಶಿ. ಮಕ್ಕಳು ಓಡಿ ಬಂದು ಪೊಲೀಸು ಎಲ್ಲಿ, ಆನೆ ಎಲ್ಲಿ ಅಂತ ಇಂಗ್ಲಿಷಿನಲ್ಲಿ ಕೂಗುವರು. ಕಡಲೆಕಾಳು ಉಸಲಿ, ಹೆಸರುಕಾಳು ಉಸಲಿ, ಸಜ್ಜಪ್ಪ. ನನಗೆ ಸೊಂಟ ನೋವು ಮರೆತೇ ಹೋಗಿತ್ತು. ಒಂದು ದಿನ ಮೈಸೂರಿನ ಹೆಂಗಸೊಬ್ಬರು ಬಂದರು. ಶಾಸ್ತ್ರ ಸಂಪ್ರದಾಯ ಎಲ್ಲಾ ತಮಗೊಬ್ಬರಿಗೇ ಗೊತ್ತು ಅನ್ನುವ ಪೈಕಿ. ಕಳಶ ಎಡಕ್ಕಾಯಿತು, ದೀಪ ಬಲಕ್ಕಾಯಿತು ಅಂತ ತಪ್ಪು ಹುಡುಕಿ, ಕೊನೆಗೆ ಮೇಲಿನ ಮೆಟ್ಟಿಲು ನೋಡಿ ಆರತಿ ಎತ್ತಿ ಕೈ ಮುಗಿದರು.

"ಏನ್ ಕಳೆ ರೀ ರಾಜನ ಮುಖದಲ್ಲಿ! ಗಾಂಭೀರ್ಯ ಅಂದ್ರೆ ಇದು. ನೋಡಿ, ರಾಣಿ ಎಷ್ಟು ತಗ್ಗಿ ನಿಂತಿದಾಳೆ ಪಕ್ಕದಲ್ಲಿ. ಗಂಡಸಿನ ಠೀವಿಯೇ ಬೇರೆ ಬಿಡಿ."

ಮೊಮ್ಮಗಳು ಉಸಲಿ ತಟ್ಟೆ ಹಿಡಿದಿದ್ದವಳು ಕೆಮ್ಮುತ್ತಾ ಅಡಿಗೆಮನೆಗೆ ಓಡಿದಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದರು. ಕೈಯಲ್ಲಿ ಕೇಕು, ತಲೆ ಮೇಲೆ ಟೋಪಿ. ರಾಜ ರಾಣಿ ನೋಡಲು ಹೋಗುವಾಗ ಟೋಪಿ ಇಲ್ಲದೆ ಹೋಗುತ್ತಾರೆಯೇ ಅಂದರಂತೆ. ಗೊಂಬೆ ಅಂದರೆ ಮುಂದೆ ನಿಂತು ಕೈ ಮುಗಿದು ಕುಂಕುಮ ತೊಗೊಂಡು ಕೂತುಬಿಡಬೇಕು ಅನ್ನುವುದು ನಮಗೆ ಅಭ್ಯಾಸ. ಆಕೆಗೆ ಆ ಅಭ್ಯಾಸ ಇಲ್ಲ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬಗ್ಗಿ ನೋಡಿದರು. ಶೆಟ್ಟರ ಅಂಗಡಿಯ ಬೇಳೆ ನೋಡಿದರು, ಬ್ಯಾಂಡಿನವರ ಕಹಳೆ ನೋಡಿದರು. ಆಮೇಲೆ ಮೆಟ್ಟಿಲಿನ ಮಗ್ಗುಲಿಗೆ ಹೋಗಿ, ಗೋಡೆ ಸಂದಿಯಲ್ಲಿ ತಲೆ ತೂರಿಸಿ, ಹಿಂದಿನಿಂದಲೂ ನೋಡಿದರು. ಅಲ್ಲಿಂದ ಒಂದು ಪ್ರಶ್ನೆ ಬಂತು. ಮೊಮ್ಮಗಳು ಬಾಯಿ ಬಿಡಲಿಲ್ಲ.

"ಏನಂತೆ?" ಅಂದೆ.

"ನಥಿಂಗ್."

ಆಕೆ ಇನ್ನೊಂದು ಸಲ ಕೇಳಿದರು, ಜೋರಾಗಿ. ಈ ಸಲ ನನ್ನ ಮಗಳು ಕೇಳಿಸಿಕೊಂಡು ತಟ್ಟೆ ಕೆಳಗಿಟ್ಟಳು. "ಅಮ್ಮಾ, ನಿಮ್ಮ ರಾಜನಿಗೆ ಯಾಕೆ ಜಡೆ ಇದೆ ಅಂತ ಕೇಳ್ತಿದಾರೆ."

ಮಗಳು ಹೋಗಿ ನೋಡಿದರೆ ಕೋಟಿನ ಕೆಳಗೆ ಜಡೆಯ ತುದಿ ಇಣುಕಿತ್ತು, ಕಾಲರು ಎತ್ತಿದಳು. ಜಡೆ. ನೇರಳೆ ಸೀರೆಯ ಸೆರಗು ಸರಿಸಿದಳು. ಬೋಳು ಬೆನ್ನು. ರಾಣಿ ಮೀಸೆ ಹೊತ್ತು ಪೇಟ ಸುತ್ತಿಕೊಂಡು ನಿಂತಿದ್ದಳು. ರಾಜ ನತ್ತು ಹಾಕಿಕೊಂಡು, ಮಲ್ಲಿಗೆ ಮುಡಿದು, ಎಡಗಡೆ ತಗ್ಗಿ ನಿಂತಿದ್ದ.

ಆ ಮೈಸೂರಿನವರು ಎದೆ ಹಿಡಿದುಕೊಂಡರು. "ಅಯ್ಯೋ, ನಾನು ಈಗ ತಾನೇ ಆರತಿ ಎತ್ತಿದೆನಲ್ಲಾ! ಎಲ್ಲರೂ ಎತ್ತಿದೀವಲ್ರೀ!"

"ಯು ಆಲ್ ಡಿಡ್!" ಅಂತ ಮೊಮ್ಮಗಳು ಮುಂದೆ ಬಂದಳು. ಮುಖ ಕೆಂಪಾಗಿತ್ತು, ಹೆದರಿಕೆಗೋ ಹೆಮ್ಮೆಗೋ ಗೊತ್ತಿಲ್ಲ. "ಆಂಟಿ, ನೀವು ಗಂಡಸಿನ ಠೀವಿ ಅಂದ್ರಿ. ಅದು ಅಮ್ಮನ ಐಲೈನರ್! ಅದನ್ನೇ ನಾನು ಹೇಳೋದು ಅಜ್ಜಿ. ಕಿಂಗ್ ಒಳಗೆ ಏನೂ ಇಲ್ಲ. ಮೀಸೆ ಬರೆದರೆ ಯಾರು ಬೇಕಾದರೂ ಕಿಂಗ್."

ನನಗೆ ನಗು ಎಲ್ಲಿಂದ ಶುರುವಾಯಿತೋ ಕಾಣೆ. ಸೋಫಾ ಹಿಡಿದುಕೊಂಡು ಕೂತೆ. ಇಂಗ್ಲೆಂಡಿನಲ್ಲಿ ಅಷ್ಟು ವರ್ಷ ರಾಣಿ ಮುಂದೆ, ಗಂಡ ಹಿಂದೆ ನಡೆದದ್ದು ನೆನಪಾಗಿ ಇನ್ನಷ್ಟು ನಗು ಬಂತು. ಪಕ್ಕದ ಮನೆಯಾಕೆಗೆ ಮಗಳು ಬಿಡಿಸಿ ಹೇಳಿದಾಗ ಆಕೆ ಟೋಪಿ ತೆಗೆದು ರಾಣಿಯ ಮುಂದೆ ಬಗ್ಗಿ, ಇಂಥ ರಾಣಿಯಾದರೆ ತಮಗೂ ಒಬ್ಬಳಿರಲಿ ಅಂದರು. ಅಳಿಯ ಒಂದು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ನಮ್ಮಲ್ಲಿಯೂ ಸ್ತ್ರೀವೇಷ ಗಂಡಸರೇ ಹಾಕುವುದು ಅತ್ತೆ, ದೊಡ್ಡ ವಿಷಯ ಎಂತ ಅಲ್ಲ," ಅಂದರು.

ನಗದೇ ಇದ್ದವರು ಮೈಸೂರಿನವರೊಬ್ಬರೇ. "ಈಗಲೇ ಬಿಚ್ಚಿ ಸರಿ ಮಾಡಿಸಿ. ಅಪಚಾರ."

ಮೊಮ್ಮಗಳು ನನ್ನ ಮುಖ ನೋಡಿದಳು. ಮಾಡು ಅಂದಿದ್ದರೆ ಮಾಡುತ್ತಿದ್ದಳು. ಮಾಡಿ ಮುಗಿಸಿದ ಮೇಲೆ ಆ ಗೊಂಬೆಗಳನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಅಷ್ಟು ನನಗೆ ಪೊರೆಯ ಕಣ್ಣಲ್ಲೂ ಕಂಡಿತು.

"ಒಂದು ಸಲ ಪಟ್ಟಕ್ಕೆ ಕೂರಿಸಿದ ಮೇಲೆ ವಿಜಯದಶಮಿ ತನಕ ಅಲುಗಿಸೋ ಹಾಗಿಲ್ಲ," ಅಂದೆ. "ನಿಮಗೇ ಗೊತ್ತಲ್ಲ ಶಾಸ್ತ್ರ. ಪಾಪ ಏನಾದ್ರೂ ಬಂದ್ರೆ ನನ್ನ ಹೆಸರಿಗೆ ಬರಕೊಳ್ಳಲಿ. ಉಸಲಿ ತೊಗೊಳ್ಳಿ, ಆರಿ ಹೋಗತ್ತೆ."

ಅವರಿಗೂ ಶಾಸ್ತ್ರ ಮೀರಲು ಆಗಲಿಲ್ಲ. ಉಸಲಿ ಎರಡನೇ ಸಲ ಹಾಕಿಸಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ಮೆಲ್ಲಗೆ, "ಆ ಕೋಟಿನ ತೋಳು ಹೇಗೆ ಕೂರಿಸಿದೆ?" ಅಂತ ಕೇಳಿದ್ದನ್ನು ನಾನು ಕೇಳಿಸಿಕೊಂಡೆ. ಸುದ್ದಿ ಹಬ್ಬಿ ಮುಂದಿನ ದಿನಗಳಲ್ಲಿ ನಾವು ಕರೆಯದವರೂ ಬಂದರು. ಎಲ್ಲರೂ ಗೋಡೆ ಸಂದಿಯಲ್ಲಿ ತಲೆ ತೂರಿಸಿ ಜಡೆ ನೋಡಿಕೊಂಡೇ ಹೋದರು. ಮೀಸೆಯ ರಾಣಿಗೆ ಆ ವರ್ಷ ಬಿದ್ದಷ್ಟು ಆರತಿ ಯಾವ ರಾಜನಿಗೂ ಬಿದ್ದಿರಲಿಕ್ಕಿಲ್ಲ.

ವಿಜಯದಶಮಿಯ ಸಾಯಂಕಾಲ ದೀಪ ಹಚ್ಚಿ, ಹಾಲು ಇಟ್ಟು, ಅವಳನ್ನು ಕರೆದೆ. "ಬಾ. ಇಬ್ಬರನ್ನೂ ಮಲಗಿಸು."

"ಮಲಗಿಸು ಅಂದ್ರೆ?"

ಎರಡು ವರ್ಷ ನಾನೇ ಮಲಗಿಸಿದ್ದೆ, ಅವಳು ಗಮನಿಸಿರಲಿಲ್ಲ. "ಇವತ್ತಿಗೆ ರಾಜ್ಯಭಾರ ಮುಗೀತು. ನಿಂತಿರೋರನ್ನ ಮಲಗಿಸೋದು. ನಾಳೆ ಬಟ್ಟೆ ಬಿಚ್ಚಿ, ಹಳೆ ಪಂಚೇಲಿ ಸುತ್ತಿ, ಪೆಟ್ಟಿಗೆಗೆ."

ಅವಳು ರಾಣಿಯನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತಳು. "ಎವ್ರಿ ಇಯರ್?"

"ಪ್ರತಿ ವರ್ಷ."

"ಸೋ, ಇಳಿಸಬಹುದು!"

"ಇಳಿಸದೆ ಏನು? ವರ್ಷಪೂರ್ತಿ ಇವರ ಮುಂದೆ ಕೈ ಮುಗಿದು ನಿಂತ್ಕೊಳ್ಳೋಕೆ ನನಗೆ ಬೇರೆ ಕೆಲಸ ಇಲ್ವಾ?" ಆ ದಿನ ಇಲ್ಲದಿದ್ದ ಉತ್ತರ ನನ್ನ ಬಾಯಿಂದ ತಾನಾಗಿ ಬಂದಿತ್ತು. ಆಮೇಲೆ ಸುತ್ತು ಬಳಸದೆ ಕೇಳಿದೆ. "ಇವನ್ನ ಮದುವೇಲಿ ಕೊಡೋದು ಪದ್ಧತಿ. ನಿನ್ನ ಮದುವೆ ತನಕ ನಾನಿರ್ತೀನೋ ಇಲ್ವೋ. ನೀನು ಮದುವೆ ಆಗ್ತೀಯೋ ಇಲ್ವೋ. ಈಗಲೇ ಹೇಳು, ಬೇಕಾ ಬೇಡವಾ? ಬೇಡ ಅಂದ್ರೆ ಶನಿವಾರ ದೇವಸ್ಥಾನಕ್ಕೆ."

"ತೊಗೊಂಡ್ರೆ, ಕಿಂಗ್ಸ್ ಬೇಡ ಅಂತ ನಾನು ಹೇಳಬಹುದಾ?"

"ಹೇಳು."

"ಇವರ ಮುಂದೇನೇ?"

"ಇವಕ್ಕೆ ಕಿವಿ ಎಲ್ಲಿದೆ? ಓಲೆ ಅಂಟಿಸಿದ್ದು ನೀನೇ ಅಲ್ವಾ?"

ನಕ್ಕಳು. ರಾಣಿಯನ್ನು ಮಲಗಿಸಿ, ಪಕ್ಕದಲ್ಲಿ ರಾಜನನ್ನು ಮಲಗಿಸಿ, ಪುಟ್ಟ ಬಟ್ಟೆ ಹೊದಿಸಿದಳು. ಮಾರನೆಯ ದಿನ ಸ್ಕೂಲಿನಿಂದ ಬಂದವಳು ಮೀಸೆ ಒರೆಸಿ, ಬಟ್ಟೆ ಮಡಿಸಿಟ್ಟು, ಪೆಟ್ಟಿಗೆಯನ್ನು ಗ್ಯಾರೇಜಿಗೆ ಒಯ್ಯದೆ ತನ್ನ ರೂಮಿನ ಕಡೆ ಹೊತ್ತುಕೊಂಡು ಹೋದಳು. ಕಣ್ಣಿನ ಆಪರೇಷನ್ ಆಯಿತು. ಸೂಜಿ ಒಂದೇ ಆಗಿ ಕಾಣತೊಡಗಿತು. ಆದರೂ ಕಾಣುತ್ತದೆ ಅಂತ ಅವಳಿಗೆ ಪೂರ್ತಿ ಹೇಳಲಿಲ್ಲ.

ರಾಜ ಇರಬೇಕೋ ಬೇಡವೋ ಅಂತ ಊಟದ ಮೇಜಿನಲ್ಲಿ ಈಗಲೂ ಜಗಳ ಆಗುತ್ತದೆ. ಅವಳು ಬೇಡವೇ ಬೇಡ ಅನ್ನುತ್ತಾಳೆ. ಅಳಿಯ ಬಣ್ಣ ತೊಳೆದುಕೊಳ್ಳುವ ರಾಜನಾದರೆ ಇರಲಿ ಅನ್ನುತ್ತಾರೆ. ಮರುವರ್ಷ ಸ್ಕೂಲು ಶುರುವಾದ ಹೊತ್ತಿಗೆ ಒಂದು ದಿನ ಅವಳು ಟೇಪು ಹಿಡಿದು ರಾಜನ ಸೊಂಟ ಅಳೆಯುತ್ತಾ ನನ್ನ ರೂಮಿಗೆ ಬಂದಳು.

"ಅಜ್ಜಿ, ಈ ಸಲ ಇವನಿಗೆ ಪ್ಯಾಂಟ್ ಹೊಲಿಯಬಹುದಾ?"

"ಹೊಲಿ. ಜೇಬು ಮಾತ್ರ ಇಡಬೇಡ."

"ಯಾಕೆ?"

"ಜೇಬಿದ್ರೆ ದುಡ್ಡು ಕೇಳ್ತಾನೆ."